ಅಡಿಟಿಪ್ಪಣಿಗೆ ಇಳಿದ ತಾತ

ತಪ್ಪು ಕಂಪ್ಯೂಟರಿನದು ಎಂದು ಮನೆಯವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೇನಾದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು, ತಪ್ಪು ನನ್ನದೇ. ಅಡಿಟಿಪ್ಪಣಿಗೆ ಇಳಿಯುವುದು ನನಗೆ ಗೊತ್ತಿತ್ತು, ಹತ್ತುವುದು ಗೊತ್ತಿರಲಿಲ್ಲ. ಕನ್ನಡ ಟೈಪಿಂಗ್ ಬರುತ್ತದೇನೋ ಎಂದು ತಾತ ಕೇಳಿದಾಗ ಮಾತ್ರ, ಹುಟ್ಟುವಾಗಲೇ ಕಲಿತು ಬಂದವನ ಹಾಗೆ ಹೂಂ ಅಂದುಬಿಟ್ಟಿದ್ದೆ.

ಎನ್.ಆರ್. ಕಾಲೋನಿಯ ನಮ್ಮ ತಾತ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಎಂಬತ್ತು ದಾಟಿದ್ದಕ್ಕೆ ನಡೆಯಲಿದ್ದ ಸಹಸ್ರ ಚಂದ್ರ ದರ್ಶನ ಶಾಂತಿಗೆ ಬರುವವರಿಗೆಲ್ಲ ತಾಂಬೂಲದ ಜೊತೆ ತಮ್ಮ ಆತ್ಮಕಥೆಯನ್ನೂ ಕೊಟ್ಟು ಕಳಿಸಬೇಕೆಂಬುದು ಅವರ ಆಸೆ. ತೆಂಗಿನಕಾಯಿಯಾದರೆ ಚಟ್ನಿಗಾಗುತ್ತದೆ, ಆತ್ಮಕಥೆ ಯಾವುದಕ್ಕಾಗುತ್ತದೆ ಎಂದು ಕೇಳಿ ನಾನು ಬೈಸಿಕೊಂಡದ್ದೂ ಆಯಿತು. ಅಡಿಟಿಪ್ಪಣಿ ಇಲ್ಲದ ಪುಸ್ತಕವನ್ನು ಅವರು ಪುಸ್ತಕವೆಂದೇ ಒಪ್ಪುವವರಲ್ಲ. ಕಡತಗಳಲ್ಲಿ ಷರಾ ಬರೆದು ಬರೆದು ಪಳಗಿದ ಕೈ. ಸೋದರಮಾವ, ಸೈಕಲ್ಲು, ಟೈಫಾಯಿಡು ಎಲ್ಲಕ್ಕೂ ಒಂದೊಂದು ಅಂಕಿ, ಕೆಳಗೊಂದು ವಿವರ.

ಅವರು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಹೇಳುತ್ತಿದ್ದರು, ನಾನು ಕೀಲಿಮಣೆಯನ್ನೇ ನೋಡುತ್ತ ಕುಟ್ಟುತ್ತಿದ್ದೆ. 'ಅಡಿಟಿಪ್ಪಣಿ' ಎಂದೊಡನೆ ಗುಂಡಿ ಒತ್ತಿದರೆ ಕರ್ಸರ್ ಪುಟದ ತಳಕ್ಕೆ ಧುಮುಕುತ್ತದೆ. ವಿವರ ಮುಗಿದ ಮೇಲೆ ಅದನ್ನು ವಾಪಸು ತರುವ ಗುಂಡಿ ಯಾವುದೆಂದು ತಿಳಿಯದೆ, ದೇವಸ್ಥಾನದ ಹೊರಗೆ ಬಿಟ್ಟ ಚಪ್ಪಲಿ ಹುಡುಕುವವನಂತೆ ಪುಟವೆಲ್ಲ ಜಾಲಾಡಿ, ವಾಕ್ಯ ನಿಂತಿದ್ದ ಜಾಗದಲ್ಲಿ ಮೌಸ್ ಒತ್ತುತ್ತಿದ್ದೆ. ಯಾವಾಗ ಮೇಲೆ ಬರಬೇಕೆಂಬುದಕ್ಕೆ ತಾತನ ಕೆಮ್ಮೇ ಸೂಚನೆ. ಟಿಪ್ಪಣಿ ಮುಗಿದರೆ ಒಮ್ಮೆ ಕೆಮ್ಮಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ಆ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಕೆಮ್ಮುತ್ತೇನೆಂದರೆ, ಒಮ್ಮೆ ಅಜ್ಜಿ ಅದನ್ನು ಕೇಳಿ ಕಾಫಿ ತಂದು, ತಾತ ಮನೆಯಲ್ಲೇ ಇಲ್ಲದ್ದು ಕಂಡು, ನನ್ನ ತಲೆಗೆ ಮೊಟಕಿ, ಕಾಫಿಯನ್ನೂ ನನಗೇ ಕೊಟ್ಟಿದ್ದರು.

ಮದುವೆಯ ಅಧ್ಯಾಯದ ದಿನ ಅಜ್ಜಿ ತಾತನ ಬಾಯಿಗೆ ಜ್ಯೇಷ್ಠಮಧುವಿನ ಚೂರು ಹಾಕಿ ಕೂರಿಸಿದ್ದರು. ಗಂಟಲು ಸರಿಹೋಯಿತು, ಪುಸ್ತಕ ಕೆಟ್ಟಿತು. 'ಆಮೇಲೆ ನನಗೆ ವಿವಾಹವಾಯಿತು' ಎಂದರು, 'ಅಡಿಟಿಪ್ಪಣಿ' ಎಂದರು. ಇಳಿದೆ. 'ವಧು ಚಾಮರಾಜಪೇಟೆಯ ಕಮಲಾ. ಅಡುಗೆಯಲ್ಲಿ ನುರಿತವಳು.' ಕೆಮ್ಮು ಬರಲಿಲ್ಲ, ನಾನು ಹತ್ತಲಿಲ್ಲ. ಅವರು ಹೇಳುತ್ತ ಹೋದರು, ನಾನು ಅಲ್ಲೇ ಕುಟ್ಟುತ್ತ ಹೋದೆ.

ಮರುದಿನ ಪ್ರೆಸ್ಸಿಗೆ ಕೊಡುವ ಮುಂಚೆ ಪ್ರಿಂಟು ತೆಗೆದು ನೋಡಿದರೆ, ಮೇಲೆ ವಿವಾಹದ ಒಂದೇ ಸಾಲು. ಕೆಳಗೆ, ಅಜ್ಜಿಯ ಹೆಸರಿನಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ತಾತನ ಇಡೀ ಸರ್ವೀಸು: ಶಿರಾ, ಹಾಸನ, ಚಿಂತಾಮಣಿಯ ವರ್ಗಾವಣೆಗಳು, ಬಡ್ತಿ, ಬೀಳ್ಕೊಡುಗೆಯ ಹಾರ. ಪುಟದಿಂದ ಪುಟಕ್ಕೆ ತಳದಲ್ಲೇ ಹರಿದಿತ್ತು.

ತಾತ ಬೈಯಲಿಲ್ಲ, ಕನ್ನಡಕ ತೆಗೆದು ಒರೆಸುತ್ತ ಕೂತರು. ಬೈದಿದ್ದರೇ ವಾಸಿಯಿತ್ತು. ಶಾಂತಿಗೆ ಹಳೆಯ ಕಚೇರಿಯವರೂ ಬರುತ್ತಾರೆ, ಜೀವಮಾನವೆಲ್ಲ ದುಡಿದದ್ದು ಹೆಂಡತಿಯ ಕೆಳಗೆ ಸಣ್ಣಕ್ಷರದಲ್ಲಿ ಬಂದರೆ ಅವರಿಗೆ ಹೇಗೆ ಮುಖ ತೋರಿಸಲಿ ಎಂದರು. ಅಜ್ಜಿಯ ಬಗೆಗಿನ ಎರಡು ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಈಗಲೇ ಎತ್ತಿ ಮೇಲೆ ಹಾಕುತ್ತೇನೆ ಎಂದು ನಾನು ಧೈರ್ಯ ಹೇಳಿದೆ.

ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೈ ಒರೆಸಿಕೊಂಡು ಎದ್ದು ಬಂದು ಹಾಳೆ ಓದಿದರು. ತಮ್ಮ ಎರಡು ಮಾತನ್ನು ಇನ್ನೊಮ್ಮೆ ಓದಿದರು. ಅವರ ದನಿಯಲ್ಲೇ ಏನಾದರೂ ತಮಾಷೆ ಹೇಳೋಣವೆಂದು ಬಾಯಿ ತೆರೆದವನು, ಅವರ ಮುಖ ನೋಡಿ ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಅದು ಅಪರೂಪ. ಮೌಸ್ ಹಿಡಿದ ನನ್ನ ಕೈಯನ್ನು ತಡೆದು ಅಜ್ಜಿ ತಾತನ ಕಡೆ ತಿರುಗಿದರು. ಮದುವೆಯ ಅಧ್ಯಾಯವನ್ನು ತಾತ ಮೊದಲಿನಿಂದ ಹೇಳಿ ಬರೆಸುವಂತೆ ಮಾಡಿದ ಮಾತು ಇದು:

"ನಿಮ್ಮ ಸರ್ವೀಸು ಮೇಲಕ್ಕೆ ಬರ್ಲಿ, ನಾನೇನು ಬೇಡ ಅನ್ನಲ್ಲ. ಶಿರಾ, ಹಾಸನ, ಚಿಂತಾಮಣಿ ಅಂತ ಹಾಕಿದ ಕಡೆಗೆಲ್ಲ ಪಾತ್ರೆಪಡಗದ ಜೊತೆ ನನ್ನನ್ನೂ ಕರ್ಕೊಂಡೇ ಹೋದ್ರಿ. ಈ ಪುಟದಲ್ಲಿ ಕೆಳಗಿಂದ ಮೇಲಕ್ಕೆ ವರ್ಗ ಆದಾಗ ಮಾತ್ರ ನನ್ನನ್ನ ಯಾಕ್ರೀ ಇಲ್ಲೇ ಬಿಡ್ತೀರಿ?"