ಗುರುಸಿದ್ದಪ್ಪ ಕಾಕಾ ಮತ್ತು ನನ್ನ ನಾಲ್ಕು ಗಾಡಿಗಳು

ಮನುಷ್ಯನಿಗೆ ಯಾವ ಕೆಲಸ ಬರುವುದಿಲ್ಲವೋ ಆ ಕೆಲಸ ಬಲ್ಲವರ ಮೇಲೆ ಅವನನ್ನು ತಂದು ಕೂರಿಸುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. ನಾನಿದನ್ನು ದೂರಾಗಿ ಹೇಳುತ್ತಿಲ್ಲ. ಆ ಪದ್ಧತಿಯ ಅನ್ನವನ್ನೇ ಹನ್ನೊಂದು ವರ್ಷ ಉಂಡಿದ್ದೇನೆ. ಮುಂಬಯಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ನಾನು ವಾಹನಗಳ ಇನ್‌ಚಾರ್ಜ್ ಆಗಿದ್ದೆ. ನನಗೆ ಮೋಟಾರು ಹಾಗಿರಲಿ, ಸೈಕಲ್ಲು ಕೂಡ ಬರುತ್ತಿರಲಿಲ್ಲ. ಧಾರವಾಡದಲ್ಲಿ ಹುಡುಗನಾಗಿದ್ದಾಗ ಒಮ್ಮೆ ಕಲಿಯಲು ಹೋಗಿ, ನೇರವಾಗಿ ನಮ್ಮ ಗಣಿತದ ಮಾಸ್ತರರ ತುಳಸೀಕಟ್ಟೆಗೆ ಹೋಗಿ ನಿಂತಿದ್ದೆ. ಆಮೇಲೆ ಗಣಿತವೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ನಾನು ಉಗ್ರಾಣದ ಗುಮಾಸ್ತ. ಹತ್ತಿ, ಬ್ಯಾಂಡೇಜು, ಫಿನಾಯಿಲ್ ಎಣಿಸಿಕೊಂಡು ಸುಖವಾಗಿದ್ದೆ. ಹಳೆಯ ಇನ್‌ಚಾರ್ಜರು ನಿವೃತ್ತರಾದಾಗ, ನನ್ನ ಅಕ್ಷರ ದುಂಡಗಿದೆ, ಡ್ರೈವರುಗಳಲ್ಲಿ ಹೆಚ್ಚಿನವರು ಕನ್ನಡದವರು ಎಂಬ ಎರಡು ಕಾರಣಗಳಿಗೆ ನನ್ನನ್ನು ಆ ಕುರ್ಚಿಗೆ ಹಾಕಿದರು. ಗಾಡಿಗಳು ನಾಲ್ಕು. ಎರಡು ಆಂಬುಲೆನ್ಸು, ನರ್ಸುಗಳನ್ನು ಕರೆತರುವ ಒಂದು ವ್ಯಾನು, ಮುಖ್ಯ ವೈದ್ಯರ ಒಂದು ಕಪ್ಪು ಕಾರು. ಆ ಕಾರು ವೈದ್ಯರು ಒಳಗೆ ಕೂತಾಗ ಮಾತ್ರ ಕೆಡುತ್ತಿತ್ತು. ಉಳಿದ ವೇಳೆ ಆರೋಗ್ಯವಾಗಿರುತ್ತಿತ್ತು.

ಮೊದಲ ವಾರವೇ ಒಬ್ಬ ಡ್ರೈವರು ಬಂದು ಗಿಯರ್ ಬಾಕ್ಸಿನಲ್ಲಿ ಸದ್ದು ಬರುತ್ತಿದೆ ಎಂದ. ನಾನು ಗಂಭೀರವಾಗಿ ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಹೂಂ, ಬರುತ್ತಿದೆ" ಎಂದೆ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಹಿಂದಿನಿಂದ ಒಂದು ದನಿ, "ಸಾಹೇಬ್ರು ಹೇಳೂದು ಖರೇ ಐತಿ. ನಡೀರಿ, ಗಾಡಿ ಬಿಚ್ಚೂಣು" ಎಂದಿತು. ಅದು ಗುರುಸಿದ್ದಪ್ಪನವರ ದನಿ. ವಿಜಾಪುರದ ಕಡೆಯವರು, ಆಸ್ಪತ್ರೆಯ ಅತ್ಯಂತ ಹಿರಿಯ ಡ್ರೈವರು, ಎಲ್ಲರಿಗೂ ಕಾಕಾ. ಉಳಿದವರು ಚದುರಿದ ಮೇಲೆ ನನ್ನನ್ನು ಒಂದು ಬದಿಗೆ ಕರೆದು, "ಗಿಯರ್ ಬಾಕ್ಸ್ ಕೆಳಗ ಇರತೈತ್ರಿ ಸಾಹೇಬ್ರ. ಮ್ಯಾಲ ಕಿವಿ ಇಟ್ರೂ ನಡೀತೈತಿ, ಆದ್ರ ಮುಂದಿನ ಸಲ ಸ್ವಲ್ಪ ಬಗ್ಗಿದಂಗ ಮಾಡ್ರಿ" ಎಂದರು. ಆ ದಿನದಿಂದ ನಾನು ಬಗ್ಗುವುದನ್ನು ಕಲಿತೆ. ನನ್ನ ಮಾನವನ್ನು ಹೀಗೆ ಕಾಪಾಡಿದವರು ಬದುಕಿನಲ್ಲಿ ಹೆಚ್ಚು ಮಂದಿಯಿಲ್ಲ. ಮನೆಯಲ್ಲಂತೂ ಯಾರೂ ಇಲ್ಲ.

ಕಾಕಾ ಬಹಳ ಮರ್ಯಾದೆಯ ಮನುಷ್ಯ. ಎದುರಿಗೆ ಯಾರು ಬಂದರೂ ನೆಟ್ಟಗೆ ನಿಂತು ಸಲಾಮು ಹೊಡೆಯುವರು. ವೈದ್ಯರಿಗೆ ಹೊಡೆಯುವಂಥದೇ ಸಲಾಮು ಕಸ ಗುಡಿಸುವವನಿಗೂ, ಧೋಬಿಗೂ. ವರ್ಷದ ಗುಪ್ತ ವರದಿಯಲ್ಲಿ ನಾನು ದುಂಡಗಿನ ಅಕ್ಷರಗಳಲ್ಲಿ, 'ಈತನಲ್ಲಿ ಮೇಲು ಕೀಳೆಂಬ ಭೇದವಿಲ್ಲ' ಎಂದು ಬರೆದಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ ಆ ಮಾತಿನ ಬಣ್ಣ ಹೋಯಿತು. ನಾನು ಗ್ಯಾರೇಜಿನ ಬಾಗಿಲ ಪಕ್ಕದ ಗೂಟಕ್ಕೆ ರೇನ್‌ಕೋಟು ಟೊಪ್ಪಿಗೆಗಳನ್ನು ತೂಗುಹಾಕಿ, ಒಳಗೆ ಗಾಡಿಯ ಹಿಂದೆ ಟಯರು ನೋಡುವಂತೆ ಬಗ್ಗಿದ್ದೆ. ಕಾಕಾ ಬಂದರು. ರೇನ್‌ಕೋಟಿನೆದುರು ನೆಟ್ಟಗೆ ನಿಂತು ಸಲಾಮು ಹೊಡೆದು, "ನಮಸ್ಕಾರ್ರಿ ಸಾಹೇಬ್ರ. ಮಳಿ ಭಾಳ ಜೋರೈತಿ" ಎಂದರು. ಸ್ವಲ್ಪ ಹೊತ್ತು ಕಾದರು. ರೇನ್‌ಕೋಟು ಏನೂ ಹೇಳಲಿಲ್ಲ. ಕಾಕಾ "ಆತ್ರಿ" ಎಂದು ತಲೆಯಾಡಿಸಿ ಹೋದರು.

ನಿಜ ಹೇಳಬೇಕೆಂದರೆ, ನನಗೆ ಮೊದಲು ಬೇಸರವಾದದ್ದು ನನ್ನ ಬಗ್ಗೆಯೇ. ಉತ್ತರ ಬರದಿದ್ದರೂ ಅದು ನಾನಲ್ಲ ಎಂಬ ಸಂಶಯ ಅವರಿಗೆ ಬರಲಿಲ್ಲವಲ್ಲ ಎಂದು. ಆಮೇಲೆ, ಈ ಮನುಷ್ಯ ಇನ್ನು ಹತ್ತು ನಿಮಿಷಕ್ಕೆ ಆಂಬುಲೆನ್ಸು ಹತ್ತಿ ಊರಿನೊಳಗೆ ಹೋಗುತ್ತಾರೆ ಎಂಬುದು ಹೊಳೆದು, ಟಯರು ಬಿಟ್ಟು ಎದ್ದೆ.

ಕಾಕಾರ ಜೊತೆ ಸ್ಟ್ರೆಚರ್ ಹಿಡಿಯಲು ಹೋಗುತ್ತಿದ್ದವನು ಸಂಜೀವ. ಉಡುಪಿ ಕಡೆಯವನು, ನಲವತ್ತು ದಾಟಿದ ಗಟ್ಟಿ ಆಳು. ಅವನನ್ನು ಕರೆದು ಕೇಳಿದೆ. ಅವನು ಬಾಗಿಲು ಮುಂದೆ ಮಾಡಿ ಬಂದು ಹೇಳಿದ:

"ಕಾಕಾನಿಗೆ ಕಣ್ಣು ಕಾಣುವುದಿಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಸರ್. ದೊಡ್ಡದೆಲ್ಲ ಕಾಣ್ತದೆ. ಲಾರಿ ಕಾಣ್ತದೆ, ಡಬಲ್ ಡೆಕ್ಕರ್ ಬಸ್ಸು ಚೆಂದ ಕಾಣ್ತದೆ."

"ಮನುಷ್ಯರು?"

"ಮನುಷ್ಯರನ್ನು ನಾನು ನೋಡಿಕೊಳ್ತೇನೆ."

"ಎಷ್ಟು ದಿನದಿಂದ ನೋಡಿಕೊಳ್ಳುತ್ತಿದ್ದೀಯ?"

"ದೀಪಾವಳಿ ಬಂದರೆ ಎರಡು ವರ್ಷ ಆಗ್ತದೆ ಸರ್."

ಅಷ್ಟರಲ್ಲಿ ವಡಾಲದಿಂದ ಕರೆ ಬಂತು. ಕಾಲೊನಿಯೊಂದರಲ್ಲಿ ಒಬ್ಬ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಇನ್ನೊಂದು ಆಂಬುಲೆನ್ಸು ಹೊರಗೆ ಹೋಗಿತ್ತು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ; ಹೋಗಿ ಎನ್ನುವ ಧೈರ್ಯವೂ ಇರಲಿಲ್ಲ. ಧೈರ್ಯವಿಲ್ಲದವರು ಮಾಡುವಂತೆ, "ನಾನೂ ಬರುತ್ತೇನೆ" ಎಂದು ಮುಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ತೂರಿಕೊಂಡೆ.

ದಾರಿಯುದ್ದಕ್ಕೂ ಸಂಜೀವ ಮೆಲ್ಲಗೆ ಗೊಣಗುತ್ತಿದ್ದ. "ಎಡಕ್ಕೆ ಸೈಕಲ್ಲು ಉಂಟು. ಮುಂದೆ ಹೆಂಗಸು, ನಿಂತಳು. ಈಗ ಹೋಗಬಹುದು." ಕಾಕಾರ ಕೈಗಳು ಆ ಮಾತಿನ ಜೊತೆ ಜೊತೆಗೇ ತಿರುಗುತ್ತಿದ್ದವು. ಸಂಧ್ಯಾವಂದನೆಯಲ್ಲಿ ಪುರೋಹಿತರು ಹೇಳಿಕೊಟ್ಟಂತೆ ನಾವು ಕೈ ಆಡಿಸುತ್ತೇವಲ್ಲ, ಹಾಗೆ. ನನಗೆ ಭಯದ ನಡುವೆಯೂ ಒಂದು ಬಗೆಯ ನಿದ್ದೆಯೇ ಬರುವಂತಿತ್ತು. ಧಾರಾವಿಯ ಅಂಚಿಗೆ ಬಂದಾಗ ಹದಮಾಡುವ ತೊಗಲಿನ ವಾಸನೆ ಮೂಗಿಗೆ ಹೊಡೆಯಿತು. ಸಂಜೀವ ಸೀನಿದ. ಆ ಒಂದು ಸೀನಿನಷ್ಟು ಹೊತ್ತಿನಲ್ಲಿ ಗಲ್ಲಿಯಿಂದ ತೊಗಲು ಹೇರಿದ ಒಂದು ಕೈಗಾಡಿ ಹೊರಗೆ ಬಂತು. ನಾನು ಕೂಗಿದೆನೋ, ಕಾಕಾರ ತೋಳು ಹಿಡಿದೆನೋ ನೆನಪಿಲ್ಲ. ಬ್ರೇಕು ಬಿತ್ತು. ಕೈಗಾಡಿ ನಮ್ಮ ಬಂಪರಿನಿಂದ ಗೇಣುದ್ದದಲ್ಲಿ ನಿಂತಿತ್ತು. ಅದನ್ನು ತಳ್ಳುತ್ತಿದ್ದ ಮುದುಕ ನಮ್ಮನ್ನು ಬೈಯಲೂ ಇಲ್ಲ. ಆಂಬುಲೆನ್ಸಿಗೆ ಅವಸರವಿದೆಯೆಂದು ತಾನೇ ಕೈಮುಗಿದು ಗಾಡಿಯನ್ನು ಬದಿಗೆ ಎಳೆದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಕಾಕಾ ಸ್ಟಿಯರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಸಂಜೀವಗ ಏನೂ ಅನಬ್ಯಾಡ್ರಿ ಸಾಹೇಬ್ರ. ಸೀನು ಯಾರ ಕೈಯಾಗೂ ಇಲ್ಲ. ತಪ್ಪು ನಂದು."

ನಮ್ಮ ಮೂವರಲ್ಲಿ ಗಾಡಿ ಓಡಿಸಲು ಬಲ್ಲವರು ಕಣ್ಣು ಕಾಣದ ಆ ಒಬ್ಬರೇ. ವಡಾಲದಲ್ಲಿ ಮುದುಕಿ ಕಾಯುತ್ತಿದ್ದಳು. ಕಡೆಗೆ ಎಡಗಡೆಯನ್ನು ಸಂಜೀವ, ಬಲಗಡೆಯನ್ನು ನಾನು ನೋಡುವುದೆಂದು ಹಂಚಿಕೊಂಡು, ಎತ್ತಿನಗಾಡಿಗಳೂ ನಮ್ಮನ್ನು ದಾಟಿ ಹೋಗುವಂತೆ ನಿಧಾನವಾಗಿ ಹೋಗಿ ಆಕೆಯನ್ನು ಕರೆತಂದೆವು. ಮುದುಕಿ ಇಳಿಯುವಾಗ, ಇಷ್ಟು ಮೆತ್ತಗೆ ಗಾಡಿ ನಡೆಸುವ ಡ್ರೈವರನ್ನು ತಾನು ಕಂಡಿಲ್ಲವೆಂದು ಕಾಕಾರ ತಲೆ ಸವರಿ ಹರಸಿದಳು. ಕಾಕಾರ ಮುಖ ನೋಡಲು ನನ್ನಿಂದಾಗಲಿಲ್ಲ.

ಮರುದಿನ ಕಣ್ಣಿನ ವೈದ್ಯರಿಗೆ ತೋರಿಸೋಣವೆಂದರೆ ಕಾಕಾ ಒಪ್ಪಲಿಲ್ಲ. ಆಸ್ಪತ್ರೆಯ ಹೊರಗಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಇಪ್ಪತ್ತು ವರ್ಷ ಆ ಮೆಟ್ಟಿಲ ತನಕ ರೋಗಿಗಳನ್ನು ತಂದವರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

"ಬಾಗಲಾ ತನಕ ನನ್ನ ಕೆಲಸರಿ. ಒಳಗ ಹೋದವರು ಕೆಲವರು ನಕ್ಕೋತ ಬಂದ್ರು, ಕೆಲವರು ಬರಲೇ ಇಲ್ಲ. ಯಾರು ಯಾಕ ಬರಲಿಲ್ಲ ಅಂತ ನಾ ಕೇಳಿದಾವಲ್ಲ. ಕೇಳಿದ್ರ ಮರುದಿನ ಗಾಡಿ ಹೊಡಿಯಾಕ ಆಗಂಗಿಲ್ಲ."

ನಾನೂ ಅವರ ಪಕ್ಕದಲ್ಲಿ ಕೂತೆ. ಔಷಧದ ವಾಸನೆಗೆ ನನಗೂ ತಲೆ ತಿರುಗುತ್ತದೆ, ವಾರ್ಡಿನ ಕಡೆ ನಾನೂ ಹೋಗುವವನಲ್ಲ ಎಂಬ ಗುಟ್ಟನ್ನು ಅವರಿಗೊಬ್ಬರಿಗೆ ಹೇಳಿದೆ. "ಹಂಗಾರ ಇಬ್ಬರೂ ಕೂಡೇ ಅಂಜೂಣು, ನಡೀರಿ" ಎಂದು ಕಾಕಾ ಎದ್ದರು. ಕಾರಿಡಾರಿನಲ್ಲಿ ಅವರು ನನ್ನ ತೋಳು ಹಿಡಿದುಕೊಂಡರು. ನೋಡಿದವರು ನಾನು ಅವರನ್ನು ನಡೆಸುತ್ತಿದ್ದೇನೆಂದು ತಿಳಿದಿರಬೇಕು.

ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ. ಒಂದಾದ ಮೇಲೊಂದು ಆಪರೇಷನ್ನಾಯಿತು. ತಲೆಯ ಎರಡು ಬದಿಗೂ ಮರಳಿನ ಚೀಲವಿಟ್ಟು, ಅಲುಗಾಡಬಾರದೆಂದು ಮಲಗಿಸಿದ್ದರು. ಸಂಜೀವ ಅಲ್ಲಿಯೂ ಪಕ್ಕದಲ್ಲಿ ಕೂತು, "ಈಗ ನರ್ಸು ಬಂದಳು. ಗಂಜಿ ಉಂಟು. ಬಾಯಿ ತೆರೆಯಿರಿ" ಎಂದು ಗೊಣಗುತ್ತಿದ್ದ. ಎರಡು ತಿಂಗಳ ಮೇಲೆ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಕಾಕಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಸಾಹೇಬ್ರ, ನೀವು ಇಷ್ಟ ಸಣ್ಣವರೇನ್ರಿ? ನಾ ಯಾರೋ ಭಾರೀ ಆಳು ಅಂತ ತಿಳಿದು ಸಲಾಂ ಹೊಡೀತಿದ್ನಿ" ಎಂದರು.

ಆ ಕನ್ನಡಕದಲ್ಲಿ ನೇರಕ್ಕೆ ಕಾಣುತ್ತದೆ, ಪಕ್ಕಕ್ಕೆ ಕಾಣುವುದಿಲ್ಲ. ಗಾಡಿ ಓಡಿಸುವಂತಿಲ್ಲ ಎಂದು ವೈದ್ಯರು ನನಗೆ ಹೇಳಿದರು. ಅದನ್ನು ನಾನು ಕಾಕಾರಿಗೆ ಹೇಳಬೇಕಿತ್ತು. ಮೂರು ದಿನ ಅವರನ್ನು ಕಂಡಾಗಲೆಲ್ಲ ಟಯರು ನೋಡಲು ಬಗ್ಗಿದೆ. ನಾಲ್ಕನೆಯ ದಿನ ಅವರೇ ಬಂದು, ಕರವಸ್ತ್ರದಲ್ಲಿ ಸುತ್ತಿದ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟರು.

"ನಿಮಗ ಕೇಳಾಕ ತ್ರಾಸ ಆಗತೈತಿ. ನಾನ ಕೊಡ್ತೀನಿ, ತಗೋರಿ."

ಕರವಸ್ತ್ರವನ್ನು ಒಗೆದು ಮಡಿಕೆ ಮಾಡಿದ್ದರು. ನಾನು ಬೀಗದಕೈ ತೆಗೆದುಕೊಂಡು ಕರವಸ್ತ್ರ ಹಿಂದಕ್ಕೆ ಕೊಟ್ಟೆ. ಏನಾದರೂ ಹೇಳಬೇಕಿತ್ತು. "ಚಹಾ ತರಿಸಲೇ?" ಎಂದೆ.

ಓಡಿಸಲಾಗದ ಡ್ರೈವರನ್ನು ಆಸ್ಪತ್ರೆ ಮನೆಗೆ ಕಳಿಸುತ್ತದೆ, ಅದು ನಿಯಮ. ಧಾರಾವಿಯ ಒಂದೇ ಕೋಣೆಯ ಖೋಲಿಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಇಬ್ಬರೇ. ಖೋಲಿಯಲ್ಲಿ ಹಗಲೆಲ್ಲ ಕೂತು ಅವರು ಏನು ನೋಡಬೇಕು? ಇವರಿಗೆ ಬೇರೆ ಏನಾದರೂ ಕೆಲಸ ಕೊಡಿ ಎಂದು ನಾನು ದುಂಡಗಿನ ಅಕ್ಷರಗಳಲ್ಲಿ ಅರ್ಜಿ ಬರೆದೆ. ಅದನ್ನು ಹಿಡಿದುಕೊಂಡು ಮುಖ್ಯ ವೈದ್ಯರೇ ಗ್ಯಾರೇಜಿಗೆ ಬಂದರು. ಅವರ ಕಾರು ಎಂದಿನಂತೆ ಕೆಟ್ಟಿತ್ತು. "ಏನು ಕೆಲಸ ಮಾಡಬಲ್ಲ ಈತ?" ಎಂದು ಕೇಳಿದರು. ನಾನು ಒಳ್ಳೆಯವರು, ಹಳಬರು, ಮರ್ಯಾದಸ್ಥರು ಎಂದು ಶುರುಮಾಡಿದೆ. ಅದು ಕೆಲಸವಲ್ಲ ಎಂಬುದು ನನಗೂ ಗೊತ್ತಿತ್ತು. ಕಾಕಾ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಆಗ ಫೋನು ಗಣಗಣಿಸಿತು. ಹೊಸ ಡ್ರೈವರು ಪಾಂಡುರಂಗ ಜೋಗೇಶ್ವರಿಯಲ್ಲಿ ದಾರಿ ತಪ್ಪಿ, ಒಂದು ಅಂಗಡಿಯಿಂದ ಫೋನು ಮಾಡುತ್ತಿದ್ದ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ತರಬೇಕು, ಆಕೆಯ ಚಾಳು, ಆ ಸಾಲುಕೋಣೆಗಳ ಕಟ್ಟಡ, ಸಿಗುತ್ತಿಲ್ಲ. ನನ್ನ ಬಳಿ ಒಂದು ನಕಾಶೆಯಿತ್ತು. ಅದರಲ್ಲಿ ಜೋಗೇಶ್ವರಿ ಮಡಿಕೆಯಾಗಿ ಹರಿದುಹೋಗಿತ್ತು. ನಾನು ತಡವರಿಸುವುದನ್ನು ಕಂಡು ಕಾಕಾ ಫೋನು ಇಸಿದುಕೊಂಡರು.

"ಪಾಂಡುರಂಗಾ, ಅಂಗಡಿ ಹೊರಗ ಮೂಗು ಹಾಕು. ಏನ್ ವಾಸನಿ ಬರತೈತಿ?" ಎಂದು ಕೇಳಿದರು. ಅವನು ಏನೋ ಹೇಳಿದ. "ಬಣ್ಣದ ವಾಸನಿ? ಹಂಗಾರ ನೀ ದಾಟಿ ಮುಂದ ಹೋಗೀದಿ. ಹಿಂದ ತಿರುಗು. ಕಟ್ಟಿಗಿ ಕೊಯ್ಯೂ ಮಶೀನಿನ ಸಪ್ಪಳ ಬರತೈತಿ, ಅಲ್ಲಿ ಬಲಕ್ಕ. ಒಂದು ತೆಗ್ಗಿನಾಗ ಗಾಡಿ ಎರಡು ಸಲ ಕುಣೀತೈತಿ. ಎರಡನೇ ಸಲ ಕುಣಿದ ಕೂಡಲೇ ನಿಲ್ಲಿಸು. ಅದ ಚಾಳು."

ಮುಖ್ಯ ವೈದ್ಯರು ನನ್ನ ಮೇಜಿನಂಚಿಗೆ ಒರಗಿ ನಿಂತು ಕೇಳಿದರು. ಅರ್ಜಿಯ ಮೇಲೆ ಅಲ್ಲೇ ಸಹಿ ಹಾಕಿದರು. ಆ ಹೆಂಗಸಿಗೆ ಆಸ್ಪತ್ರೆಯಲ್ಲಿಯೇ ಹೆಣ್ಣುಕೂಸು ಹುಟ್ಟಿತು. ಸಂಜೆ ಕಾಕಾ, ನನ್ನನ್ನೂ ಕರೆಯದೆ, ತಾವೊಬ್ಬರೇ ಒಳಗೆ ಹೋಗಿ ಕೂಸನ್ನು ನೋಡಿ ಬಂದರು.

ಅಂದಿನಿಂದ, ಡ್ರೈವರುಗಳಿಗೆ ದಾರಿ ಹೇಳುವ ಕೆಲಸಕ್ಕೆಂದು, ಅವರ ಕುರ್ಚಿ ನನ್ನ ಮೇಜಿನ ಪಕ್ಕಕ್ಕೇ ಬಂತು. ಇದು ನನ್ನದೇ ಯೋಜನೆಯೆಂದು ವರ್ಷದ ವರದಿಯಲ್ಲಿ ಬರೆದು ಮೆಚ್ಚುಗೆಯನ್ನೂ ಪಡೆದೆ. ಆದರೆ ಫೋನು ಗಣಗಣಿಸಿ, ನಾನು "ಹಲೋ, ಇನ್‌ಚಾರ್ಜ್ ಮಾತಾಡುತ್ತಿದ್ದೇನೆ" ಎಂದರೆ, ಆ ಕಡೆಯಿಂದ "ಕಾಕಾ ಹೈ ಕ್ಯಾ?" ಎಂಬುದೊಂದೇ ಉತ್ತರ. ಕೆಲವೇ ತಿಂಗಳಲ್ಲಿ ನನ್ನ ಕೆಲಸ ಫೋನನ್ನು ಎಡಗೈಯಿಂದ ಎತ್ತಿ ಬಲಗಡೆಗೆ ದಾಟಿಸುವುದಾಯಿತು.

ಒಂದು ಮಧ್ಯಾಹ್ನ ನನ್ನ ಹೆಂಡತಿಯ ಫೋನು ಬಂತು. ವಡಾಲದಲ್ಲಿ ತನ್ನ ಅಕ್ಕನ ಮಗಳ ಹೊಸ ಮನೆಗೆ ಹೋದವಳು, ಎಲ್ಲವೂ ಒಂದೇ ಥರದ ಬಿಲ್ಡಿಂಗುಗಳ ನಡುವೆ ಕಳೆದುಹೋಗಿದ್ದಳು. ನನಗೆ ಒಳಗೊಳಗೇ ಹಿಗ್ಗಾಯಿತು. "ಅಂಜಬ್ಯಾಡ, ಎಲ್ಲಿದ್ದೀ ಹೇಳು, ನಾ ದಾರಿ ಹೇಳ್ತೇನಿ" ಎಂದೆ.

ಆಕೆ ಬಹಳ ಮೃದುವಾಗಿ, ನನಗೆ ನೋವಾಗದಂತೆ, "ನೀವು ಬ್ಯಾಡ್ರಿ. ಅಲ್ಲೇ ಕಾಕಾ ಇದ್ರ ಕೊಡ್ರಿ" ಎಂದಳು.

ನಾನು ಫೋನನ್ನು ಬಲಗಡೆಗೆ ದಾಟಿಸಿದೆ. ಆಕೆ ಅಕ್ಕನ ಮಗಳ ಮನೆ ಮುಟ್ಟುವಷ್ಟರಲ್ಲಿ, ನಾನು 'ಇನ್‌ಚಾರ್ಜ್' ಎಂದು ಬರೆದ ಬಾಗಿಲ ಹಲಗೆಯ ಧೂಳು ಒರೆಸಿ ಮುಗಿಸಿದ್ದೆ.