ಬ್ಯಾಂಡಿನ ಕೋಟು

ಕಾರವಾರದಲ್ಲಿ ಪದಕ ಕೊಡುವ ದಿನ ಬೆಳಿಗ್ಗೆ ಬೊಮ್ಮಗೌಡರು ಟ್ರಂಕು ತೆರೆದರೆ, ಹಳೇ ಕೋಟಿನ ಬೆನ್ನಲ್ಲಿ ಇಲಿ ಸಂಸಾರ ಹೂಡಿತ್ತು.

ಎಪ್ಪತ್ತೊಂದರ ಯುದ್ಧದ ಪದಕವದು. ಇಂದು ಬಂದೀತು, ನಾಳೆ ಬಂದೀತು ಎನ್ನುತ್ತಲೇ ಗೌಡರ ತಲೆ ಹಣ್ಣಾಗಿತ್ತು. ಪ್ರತಿ ಆಗಸ್ಟ್ ಹದಿನೈದಕ್ಕೆ ಅಂಗಿಯ ಎಡಜೇಬಿನ ಮೇಲೆ ಸುಮ್ಮನೆ ಕೈಯಾಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದ ಹೆಂಡತಿ ತಿಮ್ಮಿಯದು ಒಂದೇ ಮಾತು: "ಬಂದ್ಮೇಲೆ ನಂಗೊಂದ್ಸಲ ಮುಟ್ಟೂಕೆ ಕೊಡಿ, ಸಾಕು."

"ಬರೀ ಅಂಗಿಲಿ ಹೋಗೂಕಾಗ್ತದ್ಯಾ? ನಮ್ಮೂರು ಬೊಬ್ರುವಾಡದ ಮಾನ ಹೋಗ್ತದೆ!" ಎಂದಳು ಪಕ್ಕದ ಮನೆಯ ರಂಜನಾ. ಮದುವೆ ಬ್ಯಾಂಡಿನಲ್ಲಿ ಡೋಲು ಬಡಿಯುವ ಗಂಡ ರೂಪೇಶನ ಕೆಂಪು ಕೋಟು ತಂದೇಬಿಟ್ಟಳು. ಭುಜಕ್ಕೆ ಜರಿಯ ಗೊಂಡೆ, ಎದೆಗೆ ಹಿತ್ತಾಳೆಯ ಬಿಲ್ಲೆ.

"ಇದ್ಯಾವ ಪಟಾಲಮ್ಮಿಂದೇ?"

"ಜನರಲ್ ಸಾಹೇಬ್ರ ಹಾಂಗೆ ಕಾಣ್ತ್ರಿ ಗೌಡಜ್ಜಾ. ಸುಮ್ನೆ ಹಾಕ್ಕಳ್ಳಿ!"

ಕನ್ನಡಿಯಲ್ಲಿ ಹಣ್ಣು ಮೆಣಸಿನಕಾಯಿಗೆ ಮೀಸೆ ಬಂದಂತಿತ್ತು.

ಕಾರವಾರದ ಸಭಾಭವನದ ಬಾಗಿಲಲ್ಲಿ ಪೇದೆ ತಡೆದ. "ಎಷ್ಟೊತ್ತು ಮಾರಾಯಾ! ಬ್ಯಾಂಡಿನವ್ರೆಲ್ಲ ಆ ಬದಿಗೆ!"

"ಅಲ್ಲ, ನಾನು..."

"ಮಾತು ಬೇಡ. ನಡಿ!"

ಅಪ್ಪಣೆ ಕೇಳಿದ್ದೇ ಸೈ, ದಂಡಿನಲ್ಲಿ ಪಳಗಿದ ಕಾಲುಗಳು ತಾವಾಗಿಯೇ ನಡೆದವು. ಅಲ್ಲಿ ಯಾರೋ ಕೈಗೆ ದೊಡ್ಡ ತಾಳ ಕೊಟ್ಟರು.

ವೇದಿಕೆಯಿಂದ ಒಂದೊಂದು ಹೆಸರು ಕೂಗಿದ ಕೂಡಲೇ ಬ್ಯಾಂಡು ಮೊಳಗುತ್ತಿತ್ತು.

"ಬೊಮ್ಮ ಗೌಡ, ಬೊಬ್ರುವಾಡ!"

"ನಾನೇ! ಇಲ್ಲಿದ್ದೆ, ಇಲ್ಲಿದ್ದೆ!" ಗೌಡರು ತಾಳ ಮೇಲೆತ್ತಿ ಕೂಗಿದರು.

ತಾಳ ಎತ್ತಿದ್ದನ್ನು ಸನ್ನೆಯೆಂದು ತಿಳಿದ ಡೋಲಿನವರು ಇನ್ನೂ ಜೋರಾಗಿ ಬಡಿದರು. ವೇದಿಕೆಯ ಮೇಲೆ ಪದಕ ಕೊಡುತ್ತಿದ್ದ ಸಾಹೇಬರ ಕೈಯಲ್ಲಿ ಗೌಡರ ಪದಕ ಒಂದು ಗಳಿಗೆ ತೂಗಾಡಿತು. ಆಮೇಲೆ ಪೆಟ್ಟಿಗೆ ಸೇರಿತು.

ಸಭೆ ಮುಗಿದ ಮೇಲೆ ಗೌಡರು ಏದುಸಿರು ಬಿಡುತ್ತ ಗುಮಾಸ್ತನ ಬಳಿ ಹೋದರು. "ಗೈರುಹಾಜರು ಅಂತ ಬರ್ದಾಯ್ತಲ್ಲ ಅಜ್ಜಾ! ಇನ್ನದು ಡೆಲ್ಲಿಗೆ ವಾಪಸ್. ಮತ್ತೆ ಬಂದ್ರೆ ಹೇಳಿ ಕಳಿಸ್ತ್ರು" ಎಂದ ಅವನು, ಕೋಟನ್ನೇ ನೋಡುತ್ತ.

ಸಂಜೆ ತಿಮ್ಮಿ ಅಂಗಳದಲ್ಲೇ ಕಾದಿದ್ದಳು. ಹೆಜ್ಜೆ ಸಪ್ಪಳಕ್ಕೆ ಎದ್ದು ಬಂದು ಕೋಟಿನ ಮೇಲೆ ಕೈಯಾಡಿಸಿದಳು. ಬೆರಳಿಗೆ ಹಿತ್ತಾಳೆಯ ಬಿಲ್ಲೆ ಸಿಕ್ಕಿತು.

"ಅಂತೂ ಬಂತಲ್ಲ!" ಎಂದಳು. "ಎಷ್ಟ್ ತಂಪದೆ!"

ಗೌಡರು ನೆಟ್ಟಗೆ ನಿಂತು ಅವಳಿಗೊಂದು ಸೆಲ್ಯೂಟ್ ಹೊಡೆದರು.

ಅಷ್ಟರಲ್ಲಿ ಬೇಲಿಯಾಚೆಯಿಂದ ರಂಜನಾ ಕೂಗಿದಳು: "ಗೌಡಜ್ಜಾ, ಕೋಟು ಬೇಗ ಕೊಡಿ! ನಾಳೆ ಮದ್ವೆ ಅದೆ. ಆ ಬ್ಯಾಂಡಿನ ಬಿಲ್ಲೆ ಎಲ್ಲೂ ಬೀಳ್ಸ್ಕಂಡ್ ಬರ್ಲಿಲ್ಲ ಅಲ್ವಾ?"

ತಿಮ್ಮಿಯ ಬೆರಳು ಬಿಲ್ಲೆಯ ಮೇಲೇ ನಿಂತಿತು.