ದೊಡ್ಡ ಬಾಯಿಯ ಲೆನ್ಸ್

ರೇಣುಕಾಪ್ರಸಾದನ ತಾಯಿ ಜಗದಾಂಬಾ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಳ್ಳದೆ ಇದ್ದಿದ್ದರೆ ಈ ಲೆನ್ಸಿನ ತಾಪತ್ರಯವೇ ಇರುತ್ತಿರಲಿಲ್ಲ. ಮೊಮ್ಮಗಳು ಹುಟ್ಟಿದ್ದು ಭದ್ರಾವತಿಯಲ್ಲಿ, ಸೊಸೆ ತನುಜಾಳ ತವರಿನಲ್ಲಿ. ಅಜ್ಜಿ ಮಲಗಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕಾಲಿಗೆ ಸುಣ್ಣದ ಗೋಡೆಯಂಥ ಪ್ಲಾಸ್ಟರು ಹಾಕಿಸಿಕೊಂಡು. ಮೊಮ್ಮಗಳಿಗೆಂದು ಹರಳೆಣ್ಣೆ ದೀಪದಲ್ಲಿ ಹಿಡಿಸಿದ ಕಾಡಿಗೆಯ ಡಬ್ಬಿ ಆಕೆಯ ದಿಂಬಿನ ಪಕ್ಕದಲ್ಲೇ ಕಾಯುತ್ತಿತ್ತು.

"ನಿಮ್ಮಪ್ಪನ ಗದ್ದದ ಗುಳಿ ಮಗೂಗೆ ಬಂದಿದ್ಯೇನೋ? ಅದೊಂದು ನೋಡಿಬಿಟ್ರೆ ಸಾಕು ನಂಗೆ."

"ಇದೆ ಅಂತ ನಾನು ಬಂದು ಹೇಳ್ತೀನಲ್ಲಮ್ಮ."

"ನೀನು ನನ್ನ ಸಮಾಧಾನಕ್ಕೆ ಇಲ್ಲದ ಗುಳೀನೂ ಇದೆ ಅಂತೀಯ. ನಾನೇ ನೋಡ್ಬೇಕು."

"ಸರಿ, ಸಂಜೆಯೊಳಗೆ ಫೋಟೋ ನಿನ್ನ ಕೈಲಿರುತ್ತೆ," ಎಂದು ಅವನು ಮಾತು ಕೊಟ್ಟ.

ಆದರೆ ಅತ್ತೆ ಸುಭದ್ರಮ್ಮನವರ ಕಟ್ಟಪ್ಪಣೆ ಮೊದಲೇ ಬಂದಿತ್ತು: ತೊಟ್ಟಿಲಿಗೆ ಹಾಕುವ ತನಕ ಫೋಟೋ ಕೂಡದು, ಫ್ಲ್ಯಾಶಂತೂ ಬಾಗಿಲೊಳಗೇ ಬರಕೂಡದು. ಕೂಡದು ಎಂದಿದ್ದನ್ನು ಮಾಡಿಯೇ ತೀರುವ ಜಾತಕ ರೇಣುಕಾಪ್ರಸಾದನದು. ಅವನ ಕ್ಯಾಮೆರಾದ ಲೆನ್ಸಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರಿಂದ, ಬೆಳಿಗ್ಗೆಯೇ ಗಾಂಧಿ ಬಜಾರಿನ ಕೊಟ್ರಬಸಪ್ಪನ ಸ್ಟುಡಿಯೋಗೆ ಹೋಗಿ ಒಂದು ದಿನಕ್ಕೆ ಲೆನ್ಸ್ ಬಾಡಿಗೆಗೆ ಕೇಳಿದ.

ಅಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಬಂದಿದ್ದ ಸಹೋದ್ಯೋಗಿ ಉಜ್ಜನಪ್ಪ ತಲೆ ಬಾಚುವುದನ್ನು ನಿಲ್ಲಿಸಿ ಕೊಳಾಯಿ ಪೈಪಿನಂಥ ಲೆನ್ಸೊಂದನ್ನು ಎತ್ತಿದ. "ಉದ್ದದ್ದು ತಗೋ ಮಾರಾಯ. ಎದುರು ಮನೆ ತಾರಸಿ ಮೇಲಿಂದಾನೇ ಹೊಡೀಬಹುದು. ಅತ್ತೆಗೂ ಗೊತ್ತಾಗಲ್ಲ."

"ನನ್ನ ಮಗಳನ್ನ ನಾನು ಕಳ್ಳನ ಥರ ನೋಡ್ಬೇಕಾ?"

"ಹಾಗಾದ್ರೆ ಅಗಲದ್ದು ತಗೊಳ್ಳಿ," ಎಂದರು ಪಕ್ಕದ ಮನೆಯ ಚೌಡಯ್ಯ ಮೇಷ್ಟ್ರು. ದಾರಿಯಲ್ಲಿ ಹೋಗುತ್ತಿದ್ದವರು ಸಲಹೆ ಕೊಡಲೆಂದೇ ಒಳಗೆ ಬಂದಿದ್ದರು. "ಮಗು, ಬಾಣಂತಿ, ಬೀಗರು, ಬೀದಿ, ಎಲ್ಲಾ ಬರುತ್ತೆ."

"ನಂಗೆ ಒಂದು ಗದ್ದ ಸಾಕು ಮೇಷ್ಟ್ರೇ, ಬೀದಿ ಬೇಡ."

"ಸಾದಾ ಲೆನ್ಸೇ ಸಾಕು ಬಿಡಿ ಸಾರ್," ಎಂದ ಕೊಟ್ರಬಸಪ್ಪ.

ಮೂವರು ಹೇಳಿದ್ದೂ ಬೇಡವೆಂದ ಮೇಲೆ ಉಳಿದದ್ದೊಂದೇ. ಮೇಲಿನ ಹಲಗೆಯ ಮೇಲೆ, ಗೂಬೆಯ ಕಣ್ಣಿನಂತೆ ಹೊಳೆಯುತ್ತಿದ್ದ ದೊಡ್ಡ ಬಾಯಿಯ ಲೆನ್ಸ್. ರೇಣುಕಾಪ್ರಸಾದ ಅದನ್ನೇ ತೋರಿಸಿದ. "ಬಾಣಂತಿ ಕೋಣೆ ಗವಿ ಇದ್ದ ಹಾಗಿರುತ್ತೆ. ಫ್ಲ್ಯಾಶ್ ಇಲ್ಲದೆ ತೆಗೆದು ತೋರಿಸ್ತೀನಿ."

ಕೊಟ್ರಬಸಪ್ಪ ನಿಟ್ಟುಸಿರು ಬಿಟ್ಟು ಕೆಳಗಿಳಿಸಿದ. "ಕತ್ತಲಲ್ಲಿ ಬಾಯಿ ಪೂರ್ತಿ ತೆರೀರಿ. ಬಿಸಿಲಾದ್ರೆ ಈ ಬಳೆ ತಿರುಗಿಸಿ ಸೂಜಿಕಣ್ಣಷ್ಟು ಮಾಡ್ಕೊಳ್ಳಿ. ನೀವು ಕಣ್ಣಿಟ್ಟು ನೋಡುವಾಗ ಅದು ತೆರೆದೇ ಇರುತ್ತೆ, ಬಟನ್ ಒತ್ತಿದಾಗ ಮಾತ್ರ ಚಿಕ್ಕದಾಗುತ್ತೆ. ಗಾಜಿಗೆ ಯಾರೂ ಬೆರಳು ತಾಗಿಸದ ಹಾಗೆ ನೋಡ್ಕೊಳ್ಳಿ."

ಧೂಳು ಕೂರದಿರಲೆಂದು ಅವನು ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಭದ್ರಾವತಿ ಬಸ್ಸು ಹತ್ತಿದ. ಹೂವಿನ ಬುಟ್ಟಿಯ ಹೆಂಗಸೊಬ್ಬಳು ಎದ್ದು ಜಾಗ ಬಿಟ್ಟುಕೊಟ್ಟಳು. "ಕೂತ್ಕೊಳ್ಳಿ ಅಣ್ಣ, ಎಳೇ ಕೂಸು. ಏನಿದು, ಉಸಿರು ಕಟ್ಟೋ ಹಾಗೆ ಸುತ್ತಿದ್ದೀರಲ್ಲ!" ಎನ್ನುತ್ತಾ ಟವೆಲು ಸರಿಸಿದವಳು "ಅಯ್ಯಯ್ಯೋ!" ಎಂದು ಚೀರಿದಳು. ಇಡೀ ಬಸ್ಸು ಬಗ್ಗಿ ನೋಡಿತು. ಒಂದೇ ಕಣ್ಣಿನ ಆ ಕೂಸನ್ನು ಕಂಡಕ್ಟರನೂ ಬಂದು ನೋಡಿಹೋದ. ಆದರೂ ಆಕೆ ಕೊಟ್ಟ ಜಾಗವನ್ನು ವಾಪಸು ಕೇಳಲಿಲ್ಲ.

ಸುಭದ್ರಮ್ಮ ಬಾಗಿಲಲ್ಲೇ ನಿಂತಿದ್ದರು. ಕಣ್ಣು ನೇರವಾಗಿ ಟವೆಲಿನ ಮೇಲೆ.

"ಅಳಿಯಂದ್ರೇ, ಬೇಡ ಅಂದಿದ್ನಲ್ಲ? ಎಳೇ ಮಗು ಮೇಲೆ ಅಷ್ಟು ದೊಡ್ಡ ಕಣ್ಣು ಬೀಳಬಾರದು."

"ಅದು ಕಣ್ಣಲ್ಲ ಅತ್ತೆ, ಗಾಜು!"

"ಮಿಟುಕದೆ ನೋಡುತ್ತಲ್ಲ, ಕಣ್ಣಿಗಿಂತ ಹೆಚ್ಚೇ ಆಯ್ತು."

ಒಳಗಿಂದ ತನುಜಾ, "ಅವರು ಹಟಕ್ಕೆ ಬಿದ್ರೆ ಕೇಳಲ್ಲಮ್ಮ," ಎಂದು ಕೂಗಿದಳು.

"ಹೌದು, ಕೇಳಲ್ಲ!" ರೇಣುಕಾಪ್ರಸಾದ ಅಂಗಳದಲ್ಲಿ ಗಂಟಲೇರಿಸಿದ. "ಅಲ್ಲಿ ನಮ್ಮಮ್ಮ ಕಾಲು ಮುರ್ಕೊಂಡು ಕಾಯ್ತಿದ್ದಾಳೆ. ನಾನು ಮಗೂನ ಅಪ್ಪ. ಯಾರು ಬೇಡ ಅಂದ್ರೂ ತೆಗೀತೀನಿ!"

ಯುದ್ಧಕ್ಕೆ ಎದೆ ಸೆಟೆಸಿ ನಿಂತವನಿಗೆ ಎದುರಾಳಿಯೇ ಸಿಗಲಿಲ್ಲ. ಜಗದಾಂಬಾರ ಹೆಸರು ಕೇಳಿದ್ದೇ ಸುಭದ್ರಮ್ಮನವರ ಮುಖ ಬೆಣ್ಣೆಯಾಯಿತು. "ಪಾಪ, ಅವರಿಗೂ ಆಸೆ ಇರಲ್ವಾ. ಕೈಕಾಲು ತೊಳ್ಕೊಂಡು ಬನ್ನಿ, ಪಾನಕ ಮಾಡಿಟ್ಟಿದ್ದೀನಿ."

ಅವನು ಹಿತ್ತಲಿಂದ ಬರುವಷ್ಟರಲ್ಲಿ ಆಕೆ, ಕೋಣೆಯ ಕತ್ತಲಲ್ಲಿ ಅಳಿಯನಿಗೆ ಕಷ್ಟವಾಗಬಾರದೆಂದು, ಎಣ್ಣೆನೀರು ಹಾಕಿದ ಮಗುವನ್ನು ಅಂಗಳದ ಬಿಸಿಲಿಗೇ ಎತ್ತಿ ತಂದಿದ್ದರು. ಮಗುವಿನ ಕೆನ್ನೆಗೆ ದಪ್ಪ ಕಾಡಿಗೆಯ ಬೊಟ್ಟು. "ಹೂಂ, ತೆಗೀರಿ. ಎಷ್ಟು ಬೇಕಾದ್ರೂ ತೆಗೀರಿ. ಇನ್ನೇನೂ ಭಯ ಇಲ್ಲ."

ಗೆದ್ದೆ ಎಂದುಕೊಂಡ ರೇಣುಕಾಪ್ರಸಾದ ಸ್ಟೂಲಿನ ಮೇಲೆ ಬಿಟ್ಟುಹೋಗಿದ್ದ ಕ್ಯಾಮೆರಾ ಎತ್ತಿ, ಬಿಸಿಲು ಜೋರಾಗಿದೆಯೆಂದು ಬಳೆ ತಿರುಗಿಸಿ ಸೂಜಿಕಣ್ಣು ಮಾಡಿದ. ಕಣ್ಣಿಟ್ಟು ನೋಡಿದರೆ, ಗದ್ದದಲ್ಲಿ ಗುಳಿ! ಅಪ್ಪನದೇ ಅಚ್ಚು. ತುಸು ಮಂಜು ಮಂಜಾಗಿ ಕಂಡಿತು. ಸಾಂಬ್ರಾಣಿ ಹೊಗೆಯಿರಬೇಕೆಂದು ರೀಲು ಪೂರ್ತಿ ಮುಗಿಸಿದ.

ಸಂಜೆ ಗಾಂಧಿ ಬಜಾರಿನಲ್ಲಿ ಕೊಟ್ರಬಸಪ್ಪ ಪ್ರಿಂಟುಗಳನ್ನು ಮುಂದಿಟ್ಟ. ಎಲ್ಲದರಲ್ಲೂ ಅಮಾವಾಸ್ಯೆ.

"ನಿಮ್ಮ ಲೆನ್ಸೇ ಸರಿಯಿಲ್ಲ!" ಎಂದು ಗುಡುಗಿ ಅದನ್ನು ಬೆಳಕಿಗೆ ಹಿಡಿದ ರೇಣುಕಾಪ್ರಸಾದನ ದನಿ ಅಲ್ಲೇ ಸೋರಿಹೋಯಿತು. ಗಾಜಿನ ನಟ್ಟನಡುವೆ, ಯಾರೋ ಪ್ರೀತಿಯಿಂದ ತಿದ್ದಿಟ್ಟಂಥ ದುಂಡನೆಯ ಕಾಡಿಗೆ ಬೊಟ್ಟು.

ಉಜ್ಜನಪ್ಪ ಇನ್ನೂ ಅಲ್ಲೇ ಇದ್ದ. "ಕ್ಯಾಮೆರಾಗೂ ದೃಷ್ಟಿಬೊಟ್ಟು ಇಟ್ಟಿದ್ದಾರಲ್ಲೋ ನಿಮ್ಮತ್ತೆ!"

"ಸಾದಾ ಲೆನ್ಸಾಗಿದ್ರೆ ನೋಡುವಾಗಲೇ ಕತ್ತಲಾಗಿ ಗೊತ್ತಾಗ್ತಿತ್ತು," ಎಂದ ಕೊಟ್ರಬಸಪ್ಪ. "ಇದರ ಬಾಯಿ ದೊಡ್ಡದು, ನೋಡುವಾಗ ಬೊಟ್ಟಿನ ಸುತ್ತಲಿಂದ ಕಂಡಿದೆ. ಬಟನ್ ಒತ್ತಿದಾಗ ಸೂಜಿಕಣ್ಣು ಬೊಟ್ಟಿನ ಹಿಂದೆ ಮುಚ್ಚಿಹೋಗಿದೆ. ಹೋಗ್ಲಿ ಬಿಡಿ, ನಾಳೆಯೂ ಇಟ್ಕೊಳ್ಳಿ."

ರೇಣುಕಾಪ್ರಸಾದ ಗಾಜನ್ನು ಕರವಸ್ತ್ರದಿಂದ ಕನ್ನಡಿಯಾಗುವಂತೆ ಒರೆಸಿ, ಹೊಸ ರೀಲು ಹಾಕಿಸಿಕೊಂಡು ಮನೆಗೆ ಬಂದ. ಅಮ್ಮನಿಗೆ ನಿಜ ಹೇಳಲು ಮನಸ್ಸು ಬರಲಿಲ್ಲ. ಬೀಗಿತ್ತಿಯರ ನಡುವೆ ಒಂದು ಬೊಟ್ಟಿನಿಂದ ವೈಮನಸ್ಸು ಯಾಕೆ?

"ರೀಲು ಕೆಟ್ಟೋಯ್ತಮ್ಮ."

"ಸುಮ್ಮಸುಮ್ಮನೆ ಹೇಗೆ ಕೆಡುತ್ತೆ? ದಾರೀಲಿ ಈ ಲೆನ್ಸನ್ನ ಯಾರಾದ್ರೂ ನೋಡಿದ್ರಾ?"

"ಇಡೀ ಬಸ್ಸೇ ನೋಡ್ತು."

"ಅದಕ್ಕೇ ಮತ್ತೆ," ಎಂದು ಜಗದಾಂಬಾ ತಲೆಯಾಡಿಸಿದರು.

ಅವನು ಕ್ಯಾಮೆರಾವನ್ನು ಅಮ್ಮನ ಮಂಚದ ಮೇಲಿಟ್ಟು ಅಡುಗೆಮನೆಗೆ ಹೋಗಿ ಊಟ ಮುಗಿಸಿದ. ಬಂದವನೇ ಲೆನ್ಸಿನ ಮುಚ್ಚಳ ಒತ್ತಿ ಹಾಕಿ ಚೀಲಕ್ಕೆ ಇಳಿಸಿದ.

"ನಾಳೆ ರಜ ಹಾಕ್ತೀನಿ. ಮತ್ತೆ ಭದ್ರಾವತಿ, ಮತ್ತೆ ಅದೇ ಅಂಗಳ, ಅದೇ ಲೆನ್ಸು! ಪಾನಕ ಕೊಟ್ರೂ ಕುಡಿಯಲ್ಲ, ಕ್ಯಾಮೆರಾ ಬಿಟ್ಟು ಕದಲೋದಿಲ್ಲ. ಅದು ಯಾರು ಅಡ್ಡ ಬರ್ತಾರೋ ನಾನೂ ನೋಡ್ತೀನಿ!"

"ಇನ್ನು ಯಾವ ಅಡ್ಡೀನೂ ಬರಲ್ಲ, ಹೋಗಿ ಬಾ ಮಗನೇ," ಎಂದ ಜಗದಾಂಬಾ ನೆಮ್ಮದಿಯಿಂದ ದಿಂಬಿಗೊರಗಿ, ತೋರುಬೆರಳಿಗೆ ಅಂಟಿದ್ದ ಕಾಡಿಗೆಯನ್ನು ಕಾಲಿನ ಬಿಳಿ ಪ್ಲಾಸ್ಟರಿಗೆ ಒರೆಸಿಕೊಂಡರು.